ತುರು ಕಾಯ್ದವರು, ಗೋಲು ಕಾಯ್ದವರು

ನಮ್ಮ ತರೀಕೆರೆ, ಕಡೂರು ಸೀಮೆಯ ಹಳ್ಳಿಗಳಲ್ಲಿ ಊರ ಮುಂದೆಯೋ ಕೆರೆಯ ಏರಿಯ ಮೇಲೆಯೋ ವೀರಗಲ್ಲುಗಳನ್ನು ಕಾಣದವರಿಲ್ಲ. ಅವುಗಳಲ್ಲಿ ತುರುಗೋಳಿನ ಕಲ್ಲುಗಳನ್ನು ನೋಡಿ. ದನಗಳನ್ನು ಅಟ್ಟಿಕೊಂಡು ಹೋಗಲು ಬಂದವನಿಗಿಂತ ಹೆಚ್ಚಾಗಿ, ಅಡ್ಡ ನಿಂತು ತಡೆದು ಮಡಿದವನಿಗೇ ಊರವರು ಕಲ್ಲು ನಿಲ್ಲಿಸಿದ್ದಾರೆ. ತಡೆಯುವುದೂ ಒಂದು ಸಾಧನೆಯೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆಟದ ಚರಿತ್ರೆಯನ್ನು ಬರೆಯುವಾಗ ಮಾತ್ರ ನಾವು ಆ ವಿವೇಕವನ್ನು ಮರೆತಂತಿದೆ. ಗೋಲು ಹೊಡೆದವನ ಹೆಸರು ದಾಖಲೆಗೆ ಸೇರುತ್ತದೆ. ಗೋಲು ತಡೆದವನ ಕೆಲಸವಾದರೋ ನಡೆಯದೆ ಹೋದ ಒಂದು ಘಟನೆ. ಅದನ್ನು ಯಾವ ಪುಸ್ತಕದಲ್ಲಿ ಬರೆದಿಡುವುದು? ಅಂಥ ಕಾವಲುಗಾರರಲ್ಲೊಬ್ಬರಾದ ಮ್ಯಾನುಯೆಲ್ ಫ್ರೆಡರಿಕ್ ಅವರನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಫ್ರೆಡರಿಕ್ ಹುಟ್ಟಿದ್ದು 1947ರ ಅಕ್ಟೋಬರ್ 20ರಂದು, ಕೇರಳದ ಕಣ್ಣೂರಿನಲ್ಲಿ. ಆದರೆ ಅವರ ಆಟ ಹದಗೊಂಡದ್ದು ನಮ್ಮ ಬೆಂಗಳೂರಿನಲ್ಲಿ. ಹದಿಹರೆಯದಲ್ಲೇ ಸೇನೆಯನ್ನು ಸೇರಿದ ಅವರು ಎ.ಎಸ್.ಸಿ. ತಂಡದ ಗೋಲು ಕಾಯ್ದರು, ಎಚ್.ಎ.ಎಲ್. ತಂಡಕ್ಕೂ ಆಡಿದರು. 1971ರಲ್ಲಿ ಭಾರತ ತಂಡಕ್ಕೆ ಆಯ್ಕೆಯಾದರು. ಮರುವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹಾಲೆಂಡನ್ನು 2-1ರಿಂದ ಸೋಲಿಸಿ ಕಂಚಿನ ಪದಕ ಪಡೆದ ತಂಡದಲ್ಲಿ ಅವರಿದ್ದರು. ಒಲಿಂಪಿಕ್ ಪದಕ ಪಡೆದ ಮೊದಲ ಕೇರಳೀಯರು ಅವರೇ.

ಗೋಲ್‌ಕೀಪರನ ಪಾಡು ಆ ದಿನಗಳಲ್ಲಿ ಹೇಗಿತ್ತೆಂಬುದನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಕಾಯಬೇಕಾದ ಬಾಗಿಲು 12 ಅಡಿ ಅಗಲ, 7 ಅಡಿ ಎತ್ತರ. ಎದುರಿನಿಂದ ಬರುವುದು ಸುಮಾರು 160 ಗ್ರಾಂ ತೂಕದ ಗಟ್ಟಿ ಚೆಂಡು. ಕಾಲಿಗೆ ಪ್ಯಾಡು, ಕೈಗೆ ಗವಸು ಇದ್ದವು. ಮುಖಕ್ಕೆ ಏನೂ ಇರಲಿಲ್ಲ. ಇದು ನಮ್ಮ ದೇಶದ ಬಡತನದ ಮಾತು ಮಾತ್ರವಲ್ಲ. ಹಿಮದ ಮೇಲೆ ಹಾಕಿ ಆಡುವ ಸಿರಿವಂತ ಕೆನಡಾದಲ್ಲಿಯೂ ಗೋಲು ಕಾಯುವವನು ಬಹುಕಾಲ ಬರಿಮೊಗದಲ್ಲೇ ನಿಲ್ಲುತ್ತಿದ್ದನು. ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಆಡುತ್ತಿದ್ದಾಗ ಮುಖಕ್ಕೆ ಪೆಟ್ಟು ಬಿದ್ದು ರಕ್ತ ಸೋರಿತು. ಹೊಲಿಗೆ ಹಾಕಿಸಿಕೊಂಡ ಆತ, ಮುಖವಾಡವಿಲ್ಲದೆ ಮೈದಾನಕ್ಕೆ ಇಳಿಯಲಾರೆನೆಂದನು. ಮುಖವಾಡ ತೊಟ್ಟವನು ಅಳುಕಿದವನೆಂಬ ನಂಬಿಕೆ ಬಲವಾಗಿದ್ದ ಕಾಲ ಅದು. ತರಬೇತುದಾರನು ಒಲ್ಲದ ಮನಸ್ಸಿನಿಂದಲೇ ಒಪ್ಪಬೇಕಾಯಿತು. ಆರು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡಗಳಲ್ಲಿದ್ದ ವೀರನಿಗೂ ತನ್ನ ಮುಖವನ್ನು ಉಳಿಸಿಕೊಳ್ಳಲು ವಾದ ಮಾಡಬೇಕಾಗಿತ್ತು! ಇದಾಗಿ 13 ವರ್ಷಗಳ ಮೇಲೂ ಫ್ರೆಡರಿಕ್ ಅವರ ಕಾಲದ ನಮ್ಮ ಹಾಕಿಯಲ್ಲಿ ಹೆಲ್ಮೆಟ್ ಬಳಕೆಗೆ ಬಂದಿರಲಿಲ್ಲ.

1973ರ ವಿಶ್ವಕಪ್ಪಿನ ಹೊತ್ತಿಗೆ ನಾನು ಹೆಬ್ಬೆಯ ಕಡೆಯ ಕಾಫಿ ತೋಟವೊಂದರಲ್ಲಿ ಬೆಳೆಯುತ್ತಿದ್ದ ಹುಡುಗ. ಹೊರಗೆ ಮಳೆ ಹುಯ್ಯುತ್ತಿದ್ದರೆ ಒಳಗೆ ರೇಡಿಯೋದ ಸುತ್ತ ದೊಡ್ಡವರು ಕುಳಿತಿರುತ್ತಿದ್ದರು. ತಂಡದ ನಾಯಕರು ನಮ್ಮ ಕೊಡಗಿನ ಎಂ.ಪಿ. ಗಣೇಶ್. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ರಿಂದ ಮಣಿಸಿದ ಗೋಲು ಕೊಡಗಿನವರೇ ಆದ ಬಿ.ಪಿ. ಗೋವಿಂದ ಅವರದು. ಫೈನಲ್ ಪಂದ್ಯ 2-2ರಲ್ಲಿ ಸಮನಾಗಿ, ಪೆನಾಲ್ಟಿ ಸ್ಟ್ರೋಕುಗಳಲ್ಲಿ ಹಾಲೆಂಡ್ 4-2ರಿಂದ ಗೆದ್ದಿತು. ಆ ಹೆಸರುಗಳು ನಮ್ಮ ಮನೆಯಲ್ಲಿ ಎಷ್ಟೋ ದಿನ ಮೊಳಗಿದವು. ಬೆಳ್ಳಿ ಪಡೆದ ಆ ತಂಡದಲ್ಲಿ ಫ್ರೆಡರಿಕ್ ಎಂಬವರೂ ಇದ್ದರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಈ ಮರೆವಿಗೆ ಇನ್ನೊಂದು ಕಾರಣವೂ ಉಂಟು. 1928ರಿಂದ 1956ರವರೆಗೆ ಸತತವಾಗಿ ಆರು, 1964ರಲ್ಲಿ ಮತ್ತೊಂದು, ಹೀಗೆ ಏಳು ಚಿನ್ನಗಳನ್ನು ಕಂಡಿದ್ದ ದೇಶಕ್ಕೆ 1972ರ ಕಂಚು ಗೆಲುವಾಗಿ ತೋರಲಿಲ್ಲ, ಸೋಲಾಗಿ ತೋರಿತು. 2021ರಲ್ಲಿ ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಅದೇ ಕಂಚು ಬಂದಾಗ ದೇಶವೇ ಹಬ್ಬ ಮಾಡಿತು. ಕೊನೆಯ ಗಳಿಗೆಯ ಪೆನಾಲ್ಟಿ ಕಾರ್ನರನ್ನು ತಡೆದ ಶ್ರೀಜೇಶ್ ಮನೆಮಾತಾದರು. ಅವರೂ ಕೇರಳದವರು, ಅವರೂ ಗೋಲ್‌ಕೀಪರ್. ಲೋಹ ಅದೇ, 49 ವರ್ಷಗಳಲ್ಲಿ ಬದಲಾದದ್ದು ನಮ್ಮ ತಕ್ಕಡಿ. ಶ್ರೀಜೇಶರಿಗೆ ಸಂದ ಮನ್ನಣೆ ನ್ಯಾಯವಾದದ್ದೇ. ಫ್ರೆಡರಿಕ್ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ದೊರೆತದ್ದು ಮಾತ್ರ 2019ರಲ್ಲಿ, ಪದಕ ಬಂದು 47 ವರ್ಷಗಳಾದ ಮೇಲೆ. ಆಗ ಅವರ ವಯಸ್ಸು ಎಪ್ಪತ್ತನ್ನು ದಾಟಿತ್ತು. ಕೇರಳ ಸರ್ಕಾರ ಕಣ್ಣೂರಿನಲ್ಲಿ ಅವರಿಗೊಂದು ಮನೆಯನ್ನು ಕಟ್ಟಿಸಿಕೊಟ್ಟಿತು.

1978ರ ವಿಶ್ವಕಪ್ಪಿನಲ್ಲಿಯೂ ಆಡಿ ಆಟದಿಂದ ನಿವೃತ್ತರಾದ ಅವರು ಬೆಂಗಳೂರಿನಲ್ಲೇ ನೆಲೆಸಿದ್ದರು. 2025ರ ಅಕ್ಟೋಬರ್ 31ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಅವರು ಯಾರವರು? ಹುಟ್ಟಿದ ನೆಲ ತನ್ನವರೆಂದು ಹೇಳಿಕೊಂಡಿತು; ಅದು ಸಹಜ. ಆದರೆ ವೀರಗಲ್ಲಿನ ನ್ಯಾಯ ಬೇರೆ. ಮಡಿದವನು ಎಲ್ಲಿ ಹುಟ್ಟಿದನೆಂದು ಕೇಳಿ ಕಲ್ಲು ನಿಲ್ಲಿಸುತ್ತಿರಲಿಲ್ಲ. ಯಾವ ಊರಿಗಾಗಿ ಅಡ್ಡ ನಿಂತನೋ ಆ ಊರಿನ ಋಣ ಅದು. ಬೆಂಗಳೂರಿನ ಮೈದಾನಗಳಲ್ಲಿ ಆಡಿದ, ಇದೇ ನಾಡಿನಲ್ಲಿ ಬಾಳಿ ಮುಗಿಸಿದ ಒಬ್ಬ ಆಟಗಾರನ ಚರಿತ್ರೆ ಕನ್ನಡದಲ್ಲಿ ಬರಬೇಕಾದುದು ನ್ಯಾಯ. ಅವರೊಡನೆ ಆಡಿದವರು ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ, ಬರೆದುಕೊಂಡು, ಅಚ್ಚು ಹಾಕಿಸುವ ಕೆಲಸ ಆಗಲಿ. ಕಲ್ಲು ಕಡೆಯುವವರು ಈಗ ಊರೂರಿಗೆ ಇಲ್ಲ, ಬರೆಯಬಲ್ಲವರು ಇದ್ದಾರೆ.