ಯುದ್ಧದ ಲೆಕ್ಕ, ಕಣಜದ ಸಾಕ್ಷಿ

ಶಿಲುಬೆ ಯುದ್ಧಗಳೆಂದರೆ ನಮಗೆ ಸಲಾಹುದ್ದೀನ್, ರಿಚರ್ಡ್, ಜೆರುಸಲೇಮಿನ ಕೋಟೆ ನೆನಪಾಗುತ್ತವೆ. ಆ ಯುದ್ಧಗಳ ಖರ್ಚು ಯಾರ ಬೆವರಿನಿಂದ ಬಂತೆಂದು ನಾವು ಕೇಳುವುದು ಕಡಿಮೆ. ಆ ಪ್ರಶ್ನೆಗೆ ಒಂದು ಉತ್ತರ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಹೊಲಗಳ ನಡುವೆ ಇಂದಿಗೂ ನಿಂತಿದೆ. ಅವೇ ಕ್ರೆಸಿಂಗ್ ಟೆಂಪಲ್‌ನ ಎರಡು ಕಣಜಗಳು.

1137ರಲ್ಲಿ ದೊರೆ ಸ್ಟೀಫನ್‌ನ ರಾಣಿ ಮಟಿಲ್ಡಾ ಈ ಭೂಮಿಯನ್ನು ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳ ಪಂಥಕ್ಕೆ ದಾನ ಮಾಡಿದಳು. ಉಳುವವರು ಊರಿನ ರೈತರು, ಆದಾಯ ಪಂಥದ್ದು. ಅದರಲ್ಲೊಂದು ಪಾಲು ಪೂರ್ವದ ಯುದ್ಧಭೂಮಿಗೆ ಹೋಗುತ್ತಿತ್ತು. 1187ರಲ್ಲಿ ಜೆರುಸಲೇಮು ಸಲಾಹುದ್ದೀನನ ವಶವಾದರೂ ಈ ಲೆಕ್ಕ ಮುಗಿಯಲಿಲ್ಲ. 13ನೆಯ ಶತಮಾನದ ಆರಂಭದಲ್ಲಿ ಬಾರ್ಲಿಯ ಕಣಜ, ಉತ್ತರಾರ್ಧದಲ್ಲಿ ಗೋಧಿಯ ಕಣಜ ಎದ್ದವು.

ಎರಡೂ ಓಕ್ ಮರದ ಕಟ್ಟಡಗಳು. ಒಳಗೆ ಎರಡು ಸಾಲು ಕಂಬ, ನಡುವೆ ಎತ್ತರದ ಅಂಕಣ, ಇಕ್ಕೆಲದಲ್ಲಿ ತಗ್ಗಿನ ಪಡಸಾಲೆ. ಒಂದೊಂದಕ್ಕೂ ಐದುನೂರರ ಸಮೀಪ ಮರ ಬಿದ್ದಿರಬೇಕೆಂದು ಅಂದಾಜು. ತೊಲೆಗಳನ್ನು ಕೊರೆದು ಒಂದಕ್ಕೊಂದು ಕೂಡಿಸಿ, ಮರದ ಗೂಟ ಬಡಿದು ನಿಲ್ಲಿಸಿದ್ದಾರೆ. ಮಳೆಯ ನಾಡಾದ್ದರಿಂದ ತೆನೆಯ ಸಿವುಡುಗಳನ್ನು ಒಳಗೇ ಒಟ್ಟಿ, ಚಳಿಗಾಲದಲ್ಲಿ ಅಲ್ಲೇ ಬಡಿಯುತ್ತಿದ್ದರು. ಎದುರುಬದುರಿನ ದೊಡ್ಡ ಬಾಗಿಲುಗಳನ್ನು ತೆರೆದರೆ ಕಾಳು ತೂರಲು ಗಾಳಿ.

1312ರಲ್ಲಿ ಪೋಪ್ ಟೆಂಪ್ಲರ್ ಪಂಥವನ್ನು ರದ್ದುಪಡಿಸಿದ. ಆಸ್ತಿ ಹಾಸ್ಪಿಟಲರ್ ಪಂಥಕ್ಕೆ ಸೇರಿತು. 1381ರಲ್ಲಿ ತಲೆಗಂದಾಯದ ವಿರುದ್ಧ ಎಸೆಕ್ಸ್‌ನ ರೈತರು ದಂಗೆಯೆದ್ದಾಗ, ಪಂಥದ ಇಂಗ್ಲೆಂಡಿನ ಮುಖ್ಯಸ್ಥ ರಾಬರ್ಟ್ ಹೇಲ್ಸ್ ರಾಜ್ಯದ ಖಜಾಂಚಿಯೂ ಆಗಿದ್ದ. ಜೂನ್ ತಿಂಗಳಲ್ಲಿ ಬಂಡಾಯಗಾರರು ಕ್ರೆಸಿಂಗ್‌ನ ಅವನ ಮನೆಯನ್ನು ಸೂರೆ ಮಾಡಿದರು. ಕೆಲವೇ ದಿನಗಳಲ್ಲಿ ಲಂಡನ್ನಿನಲ್ಲಿ ಅವನ ತಲೆ ಉರುಳಿತು. ಕಣಜಗಳು ಮಾತ್ರ ಉಳಿದವು.

1540ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಹಾಸ್ಪಿಟಲರ್ ಪಂಥವೂ ಅಲ್ಲಿ ಕೊನೆಗೊಂಡಿತು. ಭೂಮಿ ಖಾಸಗಿಯವರ ಕೈಸೇರಿತು. ಶತಮಾನಗಳ ಕಾಲ ಅದು ಬರಿಯ ಬೇಸಾಯದ ಜಾಗವಾಗಿತ್ತು. 1987ರಲ್ಲಿ ಎಸೆಕ್ಸ್ ಕೌಂಟಿ ಕೌನ್ಸಿಲ್ ಅದನ್ನು ಕೊಂಡು ಜನರಿಗೆ ತೆರೆಯಿತು. ಯುದ್ಧಕ್ಕಾಗಿ ಧಾನ್ಯ ಕೂಡಿಟ್ಟ ಸೂರಿನಡಿ ಮದುವೆಗಳೂ ನಡೆದಿವೆ.

ನಮ್ಮ ಓದಿನಲ್ಲಿ ಆ ಕಾಲದ ಫರಂಗಿಗಳೆಲ್ಲ ಖಡ್ಗ ಹಿಡಿದು ಬಂದವರು. ಆದರೆ ಕ್ರೆಸಿಂಗ್‌ನಲ್ಲಿ ಕಾಳು ತೂರಿದವನು ಜೆರುಸಲೇಮನ್ನು ಕಂಡವನಲ್ಲ. ತನ್ನ ಗೋಧಿ ಯಾರನ್ನು ಕೊಲ್ಲಲು ಹೋಗುತ್ತದೆಂದು ಅವನನ್ನು ಯಾರೂ ಕೇಳಿರಲಿಲ್ಲ. ಅವನನ್ನು ಶತ್ರುಗಳ ಪಟ್ಟಿಯಲ್ಲಿ ಸೇರಿಸುವ ಮುನ್ನ ನಾವು ಈ ಕಣಜದೊಳಗೊಮ್ಮೆ ಇಣುಕಿ ನೋಡಬೇಕು.