ನೇವಾರ

ಕಠ್ಮಂಡು ಕಣಿವೆಯ ಹಳೆಯ ನಿವಾಸಿಗಳಿಗೆ ನೇವಾರರೆಂದು ಹೆಸರು. ಇದು 'ನೇಪಾಲ' ಎಂಬುದರದೇ ಇನ್ನೊಂದು ರೂಪ. 'ಪ' ಸಡಿಲಗೊಂಡು 'ವ' ಆಗಿದೆ, 'ಲ' ಇದ್ದಲ್ಲಿ 'ರ' ಬಂದಿದೆ. ಹಿಂದೆ ನೇಪಾಳವೆಂದರೆ ಆ ಕಣಿವೆಯೇ. 18ನೇ ಶತಮಾನದಲ್ಲಿ ಗೂರ್ಖಾ ದೊರೆಗಳು ಅದನ್ನು ಗೆದ್ದರು; ಮುಂದೆ ಕಣಿವೆಯ ಹೆಸರು ದೇಶಕ್ಕೆ ಹಬ್ಬಿತು, ಗೆದ್ದವರ ನುಡಿಯಾದ ಗೂರ್ಖಾಲಿಯೇ 'ನೇಪಾಳಿ' ಎನಿಸಿಕೊಂಡಿತು. ನೇವಾರರು ಮಾತ್ರ ತಮ್ಮ ನುಡಿಯನ್ನು ಇಂದಿಗೂ 'ನೇಪಾಲ ಭಾಷಾ' ಎನ್ನುತ್ತಾರೆ. ಆ ಪಟ್ಟು ನ್ಯಾಯವಾದದ್ದೇ.

ಈ ಟಿಬೆಟೊ-ಬರ್ಮನ್ ನುಡಿಯ ಕ್ರಿಯಾಪದ ಬಲು ಸೊಗಸು. 'ಜಿ ವನಾ' ಎಂದರೆ ನಾನು ಹೋದೆ. 'ವ ವನ' ಎಂದರೆ ಅವನು ಹೋದ. ಕೊನೆಯ ದೀರ್ಘ ಉತ್ತಮ ಪುರುಷದ ಗುರುತು ಅನ್ನಿಸುತ್ತದೆ. ಆದರೆ 'ನೀನು ಹೋದೆಯಾ?' ಎಂದು ಕೇಳುವಾಗಲೂ 'ಛ ವನಾ ಲಾ?' ಎಂದೇ ದೀರ್ಘ ಬರುತ್ತದೆ. ತನ್ನ ಇಚ್ಛೆಯಿಂದ ನಡೆದದ್ದನ್ನು ಒಳಗಿನಿಂದ ಬಲ್ಲವನಿಗೆ ಈ ರೂಪ ಮೀಸಲು: ಹೇಳಿಕೆಯಲ್ಲಿ ಆಡುವವನು, ಪ್ರಶ್ನೆಯಲ್ಲಿ ಉತ್ತರಿಸಬೇಕಾದವನು. 'ತಾನು ಹೋದೆನೆಂದು ಅವನು ಹೇಳಿದ' ಎನ್ನುವಾಗಲೂ 'ವನಾ'. ಹೋದವನು ಬೇರೊಬ್ಬನಾದರೆ 'ವನ'. ಅರಿವಿಲ್ಲದೆ ಘಟಿಸಿದ್ದಕ್ಕೆ 'ನಾನು' ಎಂದರೂ ದೀರ್ಘ ಬರುವುದಿಲ್ಲ.