ಮೋಹನಿದ್ರೆಯಿಂದ ವಿಚಾರಪರೀಕ್ಷೆಗೆ: ಮನೋಚಿಕಿತ್ಸೆಯ ಇತಿಹಾಸದ ಒಂದು ಎಳೆ

ಸಭೆಯಲ್ಲಿ ಮಾತನಾಡಲು ಎದ್ದೊಡನೆ ನಾಲಗೆ ಒಣಗುವುದು, ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಿಗೆ ನಿದ್ರೆ ಹತ್ತದಿರುವುದು, ಅಲ್ಪದೋಷಕ್ಕಾಗಿ ವಾರಗಟ್ಟಲೆ ಮನಸ್ಸು ಕೊರಗುವುದು ಮೊದಲಾದವು ಉನ್ಮಾದವೆನಿಸಿಕೊಳ್ಳುವ ವ್ಯಾಧಿಗಳಲ್ಲ, ದಿನನಿತ್ಯದ ಭಾವಕ್ಲೇಶಗಳು. ಇವುಗಳ ಪರಿಹಾರಕ್ಕಾಗಿ ಇಂದು ಬಳಕೆಯಲ್ಲಿರುವ ವಿಧಾನಗಳಲ್ಲಿ ಎರಡನ್ನು ಒಂದಕ್ಕೊಂದು ಬಹುದೂರವಾದವುಗಳೆಂದು ಎಣಿಸುವುದು ವಾಡಿಕೆ. ಒಂದು ಸಂಮೋಹನ ಚಿಕಿತ್ಸೆ. ಇನ್ನೊಂದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂದು ಹೆಸರಾಗಿರುವ ಅರಿವಿನ ವರ್ತನ ಚಿಕಿತ್ಸೆ. ಮೊದಲನೆಯದನ್ನು ಜನರು ಜಾದೂಗಾರನ ಆಟಗಳ ಸಾಲಿಗೆ ಸೇರಿಸುತ್ತಾರೆ. ‘ಮೆಸ್ಮರೈಸ್ ಮಾಡಿಬಿಟ್ಟ’ ಎಂಬ ಮಾತು ನಮ್ಮ ಆಡುನುಡಿಯಲ್ಲಿ ಈಗಲೂ ಉಳಿದಿದೆ. ಅದರಲ್ಲಿ ಮೆಚ್ಚುಗೆಗಿಂತ ಶಂಕೆಯೇ ಹೆಚ್ಚು. ಎರಡನೆಯದು ಪ್ರಯೋಗಶಾಲೆಯ ಶಿಶುವೆಂಬ ಗೌರವಕ್ಕೆ ಪಾತ್ರವಾಗಿದೆ. ಆದರೆ ಇವುಗಳ ಇತಿಹಾಸವನ್ನು ಹಿಡಿದು ಹಿಂದಕ್ಕೆ ನಡೆದರೆ, ಇವೆರಡೂ ಒಂದೇ ಪ್ರಶ್ನೆಗೆ ಬಂದ ಎರಡು ಉತ್ತರಗಳೆಂದು ತೋರುತ್ತದೆ. ಆ ಪ್ರಶ್ನೆ ಹುಟ್ಟಿದ್ದು 1784ರಲ್ಲಿ, ಪ್ಯಾರಿಸ್ ನಗರದಲ್ಲಿ.

ಫ್ರಾನ್ಸ್ ಆಂಟನ್ ಮೆಸ್ಮರ್ ವಿಯೆನ್ನಾ ನಗರದಲ್ಲಿ ವ್ಯಾಸಂಗ ಮಾಡಿದ ವೈದ್ಯ. ಗ್ರಹಗಳು ಮಾನವದೇಹದ ಮೇಲೆ ಬೀರುವ ಪ್ರಭಾವವನ್ನು ಕುರಿತು 1766ರಲ್ಲಿ ಪ್ರಬಂಧ ಬರೆದು ಪದವಿ ಪಡೆದವನು. ವಿಶ್ವವನ್ನೆಲ್ಲ ವ್ಯಾಪಿಸಿರುವ ಒಂದು ಸೂಕ್ಷ್ಮದ್ರವವಿದೆ, ದೇಹದಲ್ಲಿ ಅದರ ಹರಿವು ತಡೆಗೊಂಡಾಗ ರೋಗ ಬರುತ್ತದೆ, ವೈದ್ಯನು ತನ್ನ ಕೈಸನ್ನೆಗಳಿಂದ ಆ ತಡೆಯನ್ನು ನೀಗಬಲ್ಲನು ಎಂಬುದು ಆತನ ಮತ. ಇದಕ್ಕೆ ಆತನು ಜೈವಿಕ ಅಯಸ್ಕಾಂತಶಕ್ತಿ ಎಂದು ಹೆಸರಿಟ್ಟನು. 1778ರಲ್ಲಿ ಪ್ಯಾರಿಸಿಗೆ ಬಂದ ಮೇಲೆ ಆತನ ಮನೆಯ ಮುಂದೆ ರೋಗಿಗಳು ಕಿಕ್ಕಿರಿದರು. ಕಬ್ಬಿಣದ ಸಲಾಕೆಗಳು ಹೊರಚಾಚಿದ ಮರದ ತೊಟ್ಟಿಯ ಸುತ್ತ ಅವರು ಕುಳಿತುಕೊಳ್ಳುವರು. ಕೆಲವರು ನಡುಗುವರು, ಕೆಲವರು ಅಳುವರು, ಕೆಲವರು ಮೂರ್ಛೆ ಹೋಗುವರು. ಅನೇಕರು ತಮಗೆ ಗುಣವಾಯಿತೆಂದು ಹೇಳಿಕೊಳ್ಳುವರು.

ಈ ವಿದ್ಯೆಯ ನಿಜಸ್ಥಿತಿಯನ್ನು ಅರಿಯಲು ಹದಿನಾರನೆಯ ಲೂಯಿ ದೊರೆ 1784ರಲ್ಲಿ ಒಂದು ಸಮಿತಿಯನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೆ, ಖಗೋಳಜ್ಞ ಬೈಯಿ, ವೈದ್ಯ ಗಿಲೊಟಿನ್ ಮೊದಲಾದವರು ಅದರಲ್ಲಿದ್ದರು. ಮೆಸ್ಮರನು ಸಹಕರಿಸಲಿಲ್ಲ; ಆತನ ಶಿಷ್ಯನಾದ ದೆಸ್ಲೋನನು ಪರೀಕ್ಷೆಗೆ ಒಪ್ಪಿದನು. ಈ ಸಮಿತಿಯ ಪ್ರಯೋಗಗಳು ಇಂದು ಓದಿದರೂ ಬೆರಗು ಹುಟ್ಟಿಸುವಷ್ಟು ಸರಳವಾಗಿವೆ. ಪಾಸ್ಸಿಯಲ್ಲಿದ್ದ ಫ್ರಾಂಕ್ಲಿನ್ನನ ಮನೆಯ ತೋಟದಲ್ಲಿ ದೆಸ್ಲೋನನು ಒಂದು ಏಪ್ರಿಕಾಟ್ ಮರಕ್ಕೆ ಶಕ್ತಿ ತುಂಬಿದನು. ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ, ಬೇರೆ ನಾಲ್ಕು ಮರಗಳ ಬಳಿಗೆ ಒಂದೊಂದಾಗಿ ಕರೆದುಕೊಂಡು ಹೋದರು. ಹೆಜ್ಜೆ ಹೆಜ್ಜೆಗೂ ಅವನ ತಳಮಳ ಏರಿತು. ನಾಲ್ಕನೆಯ ಮರದಡಿ ಹುಡುಗ ಮೂರ್ಛೆ ಹೋದನು. ಶಕ್ತಿ ತುಂಬಿದ ಮರ ಅಲ್ಲಿಂದ ಸುಮಾರು 24 ಅಡಿ ದೂರದಲ್ಲಿತ್ತು. ಲವಾಸಿಯೆಯ ಮನೆಯಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಒಬ್ಬ ಹೆಂಗಸಿಗೆ ಸಾಮಾನ್ಯ ನೀರಿನ ಬಟ್ಟಲುಗಳನ್ನು ಒಂದಾದ ಮೇಲೊಂದು ಕೊಟ್ಟರು. ನಾಲ್ಕನೆಯದಕ್ಕೆ ಆಕೆ ಸೆಟೆದು ಬಿದ್ದಳು. ಚೇತರಿಸಿಕೊಳ್ಳುವಾಗ ನೀರು ಬೇಡಿದ ಆಕೆಗೆ, ಆಕೆಗೆ ತಿಳಿಯದಂತೆ, ಶಕ್ತಿ ತುಂಬಿದ್ದ ಬಟ್ಟಲನ್ನೇ ಕೊಡಲಾಯಿತು. ಆಕೆ ಅದನ್ನು ನೆಮ್ಮದಿಯಾಗಿ ಕುಡಿದಳು. ಕಲ್ಪನೆಯಿದ್ದರೆ ಅಯಸ್ಕಾಂತಶಕ್ತಿ ಇಲ್ಲದೆಯೂ ಪರಿಣಾಮ ಉಂಟಾಗುತ್ತದೆ, ಕಲ್ಪನೆಯಿಲ್ಲದಿದ್ದರೆ ಆ ಶಕ್ತಿಯಿಂದ ಏನೂ ಆಗದು ಎಂಬುದು ಸಮಿತಿಯ ತೀರ್ಪಿನ ಸಾರ.

ಈ ತೀರ್ಪನ್ನು ಮೆಸ್ಮರನ ಪತನವೆಂದು ವರ್ಣಿಸಿ ಮುಂದೆ ಹೋಗುವುದು ಪಠ್ಯಗ್ರಂಥಗಳ ಕ್ರಮ. ಆದರೆ ಸಮಿತಿಯು ಅಲ್ಲಗಳೆದದ್ದು ಕಾರಣವನ್ನೇ ಹೊರತು ಕಾರ್ಯವನ್ನಲ್ಲ. ಹುಡುಗ ಮೂರ್ಛೆ ಹೋದದ್ದು ಸುಳ್ಳಲ್ಲ. ದೆಸ್ಲೋನನು 1780ರಷ್ಟು ಹಿಂದೆಯೇ, ಕಲ್ಪನೆಯ ವೈದ್ಯವೇ ಉತ್ತಮವೆಂದಾದರೆ ಅದನ್ನೇ ಏಕೆ ಮಾಡಬಾರದು ಎಂಬ ಅರ್ಥದ ಮಾತನ್ನು ಬರೆದಿದ್ದನು. ಅಂದಿನ ವಿದ್ವಾಂಸರಿಗೆ ಅದು ಸೋತವನ ನೆಪದಂತೆ ಕೇಳಿಸಿರಬೇಕು. ಆದರೆ ಮುಂದಿನ ಎರಡು ಶತಮಾನಗಳ ಮನೋಚಿಕಿತ್ಸೆಯಲ್ಲಿ ಬಹುಭಾಗ ಆ ಪ್ರಶ್ನೆಯ ಬೆನ್ನು ಹತ್ತಿಯೇ ನಡೆದಿದೆ.

ಶಕ್ತಿಯು ಗುಣಪಡಿಸುವವನಲ್ಲಿಲ್ಲ, ಗುಣ ಹೊಂದುವವನಲ್ಲಿದೆ ಎಂದು ಮೊದಲು ಸ್ಪಷ್ಟವಾಗಿ ಸಾರಿದವರಲ್ಲಿ ನಮ್ಮ ನೆರೆಯ ಗೋವೆಯವನೊಬ್ಬನಿದ್ದಾನೆಂಬುದು ಸಂತೋಷದ ಸಂಗತಿ. ಅಬ್ಬೆ ಫಾರಿಯಾ 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿದ ಪಾದ್ರಿ. 1813ರಲ್ಲಿ ಪ್ಯಾರಿಸಿನಲ್ಲಿ ಸಾರ್ವಜನಿಕ ಉಪನ್ಯಾಸಗಳನ್ನು ಆರಂಭಿಸಿದನು. ತೊಟ್ಟಿ ಸಲಾಕೆಗಳನ್ನು ಬದಿಗೊತ್ತಿ, ಎದುರಿಗಿದ್ದವನನ್ನು ಕುರ್ಚಿಯಲ್ಲಿ ಕೂರಿಸಿ, ಚಿತ್ತವನ್ನು ಏಕಾಗ್ರಗೊಳಿಸಿ ‘ನಿದ್ರಿಸು’ ಎಂದು ಆಜ್ಞಾಪಿಸುವುದಷ್ಟೇ ಅವನ ಕ್ರಮ. ಆ ನಿದ್ರೆಗೆ ಕಾರಣ ನಿದ್ರಿಸುವವನ ಮನಸ್ಸೇ ಎಂದು ಪ್ರತಿಪಾದಿಸಿದನು. ರಂಗಭೂಮಿಯಲ್ಲಿ ಜನ ಅವನನ್ನು ಅಣಕಿಸಿದರು. 1819ರಲ್ಲಿ, ತನ್ನ ಗ್ರಂಥ ಹೊರಬಂದ ವರ್ಷವೇ, ಅವನು ಬಡತನದಲ್ಲಿ ತೀರಿಕೊಂಡನು. ಪಣಜಿಯಲ್ಲಿ 1945ರಲ್ಲಿ ಸ್ಥಾಪಿತವಾದ ಅವನ ಪ್ರತಿಮೆಯನ್ನು ನಮ್ಮ ಪ್ರವಾಸಿಗಳು ನೋಡಿರಬಹುದು. ಅದರಲ್ಲಿ ಫಾರಿಯಾ ಕುಸಿದ ಹೆಂಗಸಿನ ಮೇಲೆ ಎರಡೂ ಕೈಗಳನ್ನು ಚಾಚಿ ನಿಂತಿದ್ದಾನೆ. ಶಿಲ್ಪಿಯ ಕೌಶಲಕ್ಕೆ ಕುಂದಿಲ್ಲ. ಆದರೆ ಯಾವ ಭ್ರಮೆಯನ್ನು ಅವನು ನಿರಾಕರಿಸಿದನೋ ಅದನ್ನೇ ಆ ಭಂಗಿ ನೆನಪಿಗೆ ತರುತ್ತದೆ.

ಈ ವಿದ್ಯೆಗೆ ಇಂದಿನ ಹೆಸರನ್ನು ರೂಢಿಗೆ ತಂದವನು ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್. 1841ರ ನವೆಂಬರಿನಲ್ಲಿ ಒಬ್ಬ ಫ್ರೆಂಚ್ ಪ್ರದರ್ಶಕನ ಆಟವನ್ನು ನೋಡಲು ಸಂಶಯದಿಂದಲೇ ಹೋದ ಆತನು, ಆಟಕ್ಕೆ ಒಳಗಾದವರು ಕಣ್ಣು ತೆರೆಯಲಾರದೆ ಹೋದದ್ದನ್ನು ಗಮನಿಸಿದನು. ಮನೆಯಲ್ಲಿ ಗೆಳೆಯನೊಬ್ಬನಿಗೆ ಸೀಸೆಯ ಕತ್ತನ್ನು ನಟ್ಟ ನೋಟದಿಂದ ನೋಡಿಸಿದಾಗ ಅದೇ ಫಲ ಕಂಡಿತು. ಕೈಸನ್ನೆಯೂ ಬೇಡ, ದ್ರವವೂ ಬೇಡ. 1843ರ ಗ್ರಂಥದಲ್ಲಿ, ನಿದ್ರೆಯನ್ನು ಸೂಚಿಸುವ ಗ್ರೀಕ್ ಪದದಿಂದ ಹಿಪ್ನಾಟಿಸಂ ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ಕೆಲವೇ ವರ್ಷಗಳಲ್ಲಿ ಇದು ನಿದ್ರೆಯಲ್ಲ, ಮನಸ್ಸು ಒಂದೇ ಭಾವದಲ್ಲಿ ನೆಟ್ಟ ಸ್ಥಿತಿ ಎಂಬುದು ಆತನಿಗೆ ಮನದಟ್ಟಾಯಿತು. 1847ರಲ್ಲಿ ‘ಏಕಭಾವ’ ಎಂಬ ಅರ್ಥದ ಹೊಸ ಹೆಸರನ್ನು ಸೂಚಿಸಿದನು. ಆದರೆ ಹಳೆಯದು ಆಗಲೇ ಬೇರೂರಿತ್ತು. ನಮ್ಮ ‘ಮೋಹನಿದ್ರೆ’ಯೂ ಅದೇ ತಪ್ಪು ಹೆಸರಿನ ಸಂತಾನ.

ಇದೇ ಕಾಲದಲ್ಲಿ ಬಂಗಾಳದ ಹೂಗ್ಲಿಯಲ್ಲಿ ನಡೆದುದನ್ನು ಇಲ್ಲಿ ಹೇಳಲೇಬೇಕಾಗಿದೆ. ಕಂಪನಿ ಸರ್ಕಾರದ ವೈದ್ಯ ಜೇಮ್ಸ್ ಎಸ್‌ಡೇಲ್ 1845ರ ಏಪ್ರಿಲಿನಲ್ಲಿ ಈ ಕ್ರಮದಿಂದ ಒಬ್ಬ ರೋಗಿಯನ್ನು ಮೈಮರೆಯಿಸಿ ಶಸ್ತ್ರಚಿಕಿತ್ಸೆ ನಡೆಸಿದನು. ಮುಂದೆ ಸರ್ಕಾರ ಸಮಿತಿ ನೇಮಿಸಿತು. ಕಲ್ಕತ್ತೆಯಲ್ಲಿ ಪ್ರಾಯೋಗಿಕವಾಗಿ ಒಂದು ಆಸ್ಪತ್ರೆಯೂ ತೆರೆಯಿತು. ಎಸ್‌ಡೇಲನ ಕೀರ್ತಿಯನ್ನು ಹಾಡುವ ಗ್ರಂಥಗಳು ಎರಡು ಸಂಗತಿಗಳನ್ನು ಬೇಗನೆ ದಾಟಿಹೋಗುತ್ತವೆ. ಆತನ ಮೊದಲ ರೋಗಿ ಒಬ್ಬ ಸೆರೆಯಾಳು. ಗಂಟೆಗಟ್ಟಲೆ ಕೈಯಾಡಿಸಿ ರೋಗಿಗಳನ್ನು ಮೈಮರೆಯಿಸುತ್ತಿದ್ದವರು ಬಹುಮಟ್ಟಿಗೆ ಆತನ ದೇಶೀಯ ಸಹಾಯಕರು. ಒಲ್ಲೆನೆನ್ನಲು ಸ್ವಾತಂತ್ರ್ಯವಿಲ್ಲದವನ ಮೇಲೆ ನಡೆದ ಚಿಕಿತ್ಸೆಯಲ್ಲಿ ಎಷ್ಟು ಭಾಗ ಸಂಮೋಹನ, ಎಷ್ಟು ಭಾಗ ಅಧೀನತೆ ಎಂದು ಬೇರ್ಪಡಿಸುವುದು ಸುಲಭವಲ್ಲ. 1846ರ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿ ಈಥರಿನ ಪ್ರದರ್ಶನ ನಡೆಯಿತು. ಮರುವರ್ಷ ಕ್ಲೋರೋಫಾರ್ಮ್ ಬಂದಿತು. ನಿಮಿಷಗಳಲ್ಲಿ ಮುಗಿಯುವ ಕೆಲಸಕ್ಕೆ ಗಂಟೆಗಳನ್ನು ಯಾರು ಕಾಯುವರು? ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಹೊರಬಿದ್ದ ಸಂಮೋಹನವು ನರದೌರ್ಬಲ್ಯ, ನಿದ್ರಾಹೀನತೆ, ಅಂಜಿಕೆಗಳತ್ತ ತಿರುಗಿತು.

ಆ ತಿರುವಿನ ನೆಲೆ ಫ್ರಾನ್ಸಿನ ನಾನ್ಸಿ ಪಟ್ಟಣ. ಅಲ್ಲಿನ ಲಿಯೆಬೊ ಎಂಬ ವೈದ್ಯನು, ಔಷಧ ಬೇಕೆಂದವರಿಂದ ಎಂದಿನ ಶುಲ್ಕವನ್ನು ತೆಗೆದುಕೊಳ್ಳುತ್ತಿದ್ದನು. ಸಂಮೋಹನಕ್ಕೆ ಒಪ್ಪಿದವರಿಗೆ ಚಿಕಿತ್ಸೆ ಪುಕ್ಕಟೆ. ರೈತಾಪಿ ಜನ ಯಾವುದನ್ನು ಆರಿಸಿಕೊಂಡರೆಂದು ಹೇಳಬೇಕಾಗಿಲ್ಲ. ವೈದ್ಯಶಾಲೆಯ ಪ್ರಾಧ್ಯಾಪಕನಾದ ಬರ್ನ್‌ಹೈಮ್ 1882ರಲ್ಲಿ ಲಿಯೆಬೊನನ್ನು ಕಾಣಹೋಗಿ ಅವನ ಶಿಷ್ಯನಂತೆಯೇ ಆದನು. ಪ್ಯಾರಿಸಿನಲ್ಲಿ ಶಾರ್ಕೊ ಎಂಬ ನರರೋಗತಜ್ಞನು ಸಂಮೋಹನವನ್ನು ಹಿಸ್ಟೀರಿಯಾ ರೋಗದ ಲಕ್ಷಣವೆಂದು ಬೋಧಿಸುತ್ತಿದ್ದರೆ, ಬರ್ನ್‌ಹೈಮನು ಅದು ಆರೋಗ್ಯವಂತರಿಗೂ ಸಹಜವಾದ ಸೂಚನಾಗ್ರಹಣವೆಂದನು. ಅಂದರೆ ಕೇಳಿದ ಮಾತು ಮನಸ್ಸಿನಲ್ಲಿ ಭಾವವಾಗಿ, ಭಾವವು ಕ್ರಿಯೆಯಾಗುವ ಗುಣ. ಕಾಲಕ್ರಮದಲ್ಲಿ ಅವನ ಪಕ್ಷವೇ ಗೆದ್ದಿತು. ಎಚ್ಚರದಲ್ಲಿಯೇ ಕೊಟ್ಟ ಸೂಚನೆಯೂ ಫಲಕಾರಿಯೆಂದು ಬರ್ನ್‌ಹೈಮನು ಬರಬರುತ್ತ ಒತ್ತಿ ಹೇಳಿದನು. ಹೀಗೆ ನಿದ್ರೆಯೂ ಕಳಚಿ ಬಿದ್ದಿತು, ಉಳಿದುದು ಮಾತು.

ಮಾತು ಉಳಿಯಿತು ನಿಜ, ಆದರೆ ಯಾರ ಮಾತು? ಬರ್ನ್‌ಹೈಮನಲ್ಲಿ ಅದು ವೈದ್ಯನ ಮಾತು. ಲಿಯೆಬೊನಿಂದ ಪ್ರಭಾವಿತನಾದ ಔಷಧವ್ಯಾಪಾರಿ ಎಮಿಲ್ ಕುಯೆ ಇದನ್ನು ರೋಗಿಯ ಬಾಯಿಗೇ ವರ್ಗಾಯಿಸಿದನು. ಇಪ್ಪತ್ತು ಗಂಟು ಹಾಕಿದ ದಾರವೊಂದನ್ನು ಹಿಡಿದು, ದಿನದಿನಕ್ಕೂ ತಾನು ಎಲ್ಲ ಬಗೆಯಲ್ಲೂ ಸುಧಾರಿಸುತ್ತಿದ್ದೇನೆಂದು ಬೆಳಗ್ಗೆ ಸಂಜೆ ಇಪ್ಪತ್ತು ಸಲ ಮೆಲ್ಲನೆ ಹೇಳಿಕೊಳ್ಳಬೇಕು. ಜಪಮಾಲೆಯನ್ನು ಬಲ್ಲ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಇಚ್ಛೆಗೂ ಕಲ್ಪನೆಗೂ ಘರ್ಷಣೆ ನಡೆದರೆ ಗೆಲ್ಲುವುದು ಕಲ್ಪನೆಯೇ ಎಂಬುದು ಕುಯೆಯ ಸಿದ್ಧಾಂತ. ನಿದ್ರೆ ಬರಲೇಬೇಕೆಂದು ಹಟ ಹಿಡಿದವನಿಗೆ ನಿದ್ರೆ ಬಾರದೆಂಬುದನ್ನು ಅನುಭವಿಸದವರಾರು? ಆದರೆ ಇಲ್ಲಿಯೂ ಒಂದು ಕೊರತೆ ಉಂಟು. ಹೇಳಿಕೊಳ್ಳುವ ವಾಕ್ಯ ನಿಜವೇ ಅಲ್ಲವೇ ಎಂದು ಕೇಳಲು ರೋಗಿಗೆ ಅವಕಾಶವಿಲ್ಲ. ಸುಖಭಾವವನ್ನೂ ದುಃಖಭಾವದಂತೆಯೇ ವಿಚಾರಿಸದೆ ಒಪ್ಪಬೇಕು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೌಲ್ ದ್ಯುಬ್ವಾ ಈ ಕೊರತೆಯನ್ನು ಮನಗಂಡು, 1904ರ ತನ್ನ ಗ್ರಂಥದಲ್ಲಿ ಸೂಚನೆಯನ್ನು ತಿರಸ್ಕರಿಸಿ, ರೋಗಿಯ ವಿವೇಕದೊಡನೆ ಸಂವಾದಿಸುವ ಚಿಕಿತ್ಸೆಯನ್ನು ಎತ್ತಿಹಿಡಿದನು. ಫ್ರಾಯ್ಡನ ಪ್ರಭೆಯಲ್ಲಿ ಆತನ ಹೆಸರು ಮಂಕಾದುದು ಇತಿಹಾಸದ ಅನ್ಯಾಯಗಳಲ್ಲೊಂದು.

ಅರ್ಧ ಶತಮಾನದ ಬಳಿಕ ಈ ಎಳೆ ಎರಡು ಕಡೆಯಿಂದ ಮತ್ತೆ ಕಾಣಿಸಿಕೊಂಡಿತು. ದಕ್ಷಿಣ ಆಫ್ರಿಕದ ಜೋಸೆಫ್ ವೊಲ್ಪೆ ಅವರು 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯದ ವಸ್ತುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ದೇಹ ಸಡಿಲಗೊಂಡಿರುವಾಗ ಒಂದೊಂದನ್ನೇ ಕಲ್ಪಿಸಿಕೊಳ್ಳುವ ಕ್ರಮವನ್ನು ವಿವರಿಸಿದರು. ಆ ಸಡಿಲಿಕೆಗೆ ಅವರು ಸಂಮೋಹನವನ್ನೂ ಬಳಸಿದ್ದರೆಂಬುದನ್ನು ವರ್ತನ ಚಿಕಿತ್ಸೆಯ ಅಭಿಮಾನಿಗಳು ಮರೆಯುತ್ತಾರೆ. ಅಮೆರಿಕದಲ್ಲಿ ಆಲ್ಬರ್ಟ್ ಎಲ್ಲಿಸ್ ಅವರು 1955ರ ಸುಮಾರಿಗೆ ಮನೋವಿಶ್ಲೇಷಣೆಯನ್ನು ತೊರೆದು, ಘಟನೆಗಳಲ್ಲ, ಅವುಗಳ ಬಗೆಗಿನ ನಮ್ಮ ಎಣಿಕೆಗಳೇ ನಮ್ಮನ್ನು ಕಲಕುತ್ತವೆಂಬ ಎಪಿಕ್ಟೆಟಸನ ತತ್ತ್ವವನ್ನು ಚಿಕಿತ್ಸೆಗೆ ತಂದರು. ಫಿಲಡೆಲ್ಫಿಯದ ಏರನ್ ಬೆಕ್ ಅವರೂ ಮನೋವಿಶ್ಲೇಷಣೆಯಲ್ಲಿ ಪಳಗಿದವರೇ. ತಮ್ಮ ಮುಂದೆ ಮಾತನಾಡುವ ರೋಗಿಯ ಮನಸ್ಸಿನಲ್ಲಿ, ಆಡಿದ ಮಾತಿನ ಅಡಿಯಲ್ಲಿ, ಆಡದ ಇನ್ನೊಂದು ವಿಚಾರಧಾರೆ ಥಟ್ಟನೆ ಹಾದುಹೋಗುವುದನ್ನು ಅವರು ಗುರುತಿಸಿದರು. 1963 ಮತ್ತು 1964ರ ಲೇಖನಗಳಿಂದ ತೊಡಗಿ 1979ರ ಗ್ರಂಥದವರೆಗೆ ಅವರು ಈ ‘ಸ್ವಯಂಚಲಿತ ವಿಚಾರ’ಗಳ ಚಿಕಿತ್ಸೆಯನ್ನು ರೂಪಿಸಿದರು.

ಒಂದು ಉದಾಹರಣೆಯಿಂದ ಭೇದ ತಿಳಿಯಾಗುತ್ತದೆ. ಮೌಖಿಕ ಪರೀಕ್ಷೆಗೆ ಹೆದರುವ ವಿದ್ಯಾರ್ಥಿಯೊಬ್ಬನ ಮನಸ್ಸಿನಲ್ಲಿ ‘ತಡವರಿಸಿದರೆ ಎಲ್ಲರೂ ನಗುತ್ತಾರೆ, ಅಲ್ಲಿಗೆ ನನ್ನ ಕಥೆ ಮುಗಿಯಿತು’ ಎಂಬ ವಿಚಾರ ಹಾಯುತ್ತದೆನ್ನೋಣ. ಬರ್ನ್‌ಹೈಮನಾದರೆ ‘ನೀನು ಧೈರ್ಯದಿಂದ ಉತ್ತರಿಸುವೆ’ ಎಂದು ಸೂಚಿಸುವನು. ಕುಯೆ ಅದನ್ನು ಅವನಿಂದಲೇ ಹೇಳಿಸುವನು. ಬೆಕ್ ಅವರ ಕ್ರಮದಲ್ಲಿ ವಿದ್ಯಾರ್ಥಿಯು ಆ ವಿಚಾರವನ್ನು ಕಾಗದದ ಮೇಲೆ ಬರೆಯುತ್ತಾನೆ. ಅದಕ್ಕೆ ಇರುವ ಆಧಾರವೇನು, ವಿರುದ್ಧ ಆಧಾರವೇನು, ಹಿಂದೆ ತಡವರಿಸಿದಾಗ ನಿಜವಾಗಿ ಏನಾಯಿತು ಎಂದು ವಿಚಾರಿಸುತ್ತಾನೆ. ಗೆಳೆಯರ ಮುಂದೆ ಬೇಕೆಂದೇ ಒಮ್ಮೆ ತಡವರಿಸಿ ಫಲವನ್ನು ನೋಡುತ್ತಾನೆ. ಆದಕಾರಣ ಈ ಎರಡು ಪದ್ಧತಿಗಳ ಗಡಿ ನಿದ್ರೆಗೂ ಎಚ್ಚರಕ್ಕೂ ನಡುವೆ ಇಲ್ಲ. ವಿಚಾರವನ್ನು ಸ್ವೀಕರಿಸುವುದಕ್ಕೂ ಪರೀಕ್ಷಿಸುವುದಕ್ಕೂ ನಡುವೆ ಇದೆ ಎಂಬುದು ನನ್ನ ಅಭಿಪ್ರಾಯ. ಪ್ರಸಂಗವಶಾತ್ ಇನ್ನೊಂದು ಮಾತು: ಇಂಥ ವಿಚಾರಗಳು ಹಾಯುವುದು ತಾಯ್ನುಡಿಯಲ್ಲಿ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಂಥ ಕಡೆ ಕನ್ನಡಿಗ ರೋಗಿಯ ವಿಚಾರಗಳು ಕನ್ನಡದಲ್ಲಿಯೇ ಕಾಗದಕ್ಕೆ ಇಳಿಯಬೇಕು. ನಮ್ಮ ಪಾರಿಭಾಷಿಕ ಪದಗಳು ಅದಕ್ಕೆ ಇನ್ನೂ ಸಾಲವು.

ಎರಡೂ ಪದ್ಧತಿಗಳನ್ನು ಬೆಸೆದರೆ ಫಲ ಹೆಚ್ಚೀತೆ? ಅರ್ವಿಂಗ್ ಕಿರ್ಶ್ ಮತ್ತು ಅವರ ಸಂಗಡಿಗರು 1995ರಲ್ಲಿ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ತುಲನೆ ಮಾಡಿದರು. ಸಂಮೋಹನವೂ ಕೂಡಿದ ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿಯು, ಅದಿಲ್ಲದೆ ಅದೇ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 70 ಮಂದಿಗಿಂತ ಹೆಚ್ಚು ಸುಧಾರಿಸಿದ್ದನೆಂದು ಅವರು ವರದಿ ಮಾಡಿದರು. ಬೊಜ್ಜಿನ ಚಿಕಿತ್ಸೆಗೆ ಸಂಬಂಧಿಸಿದ ಲೆಕ್ಕವನ್ನು ಮರುವರ್ಷವೇ ಬೇರೆ ವಿದ್ವಾಂಸರು ಪ್ರಶ್ನಿಸಿ, ಅಲ್ಲಿನ ಲಾಭ ಬಹು ಕಿರಿದೆಂದರು. 2021ರ ಪುನರವಲೋಕನದಲ್ಲಿ ಕಂಡ ಒಟ್ಟು ಅನುಕೂಲವೂ ಅಲ್ಪದಿಂದ ಮಧ್ಯಮ ಪ್ರಮಾಣದ್ದು. ಸಂಮೋಹನವೊಂದರಿಂದಲೇ ಎಲ್ಲ ಕ್ಲೇಶಗಳೂ ನೀಗುವುವೆಂದು ಜಾಹೀರು ಮಾಡುವವರಿಗೆ ಈ ಅಂಕೆಗಳು ಆಸರೆಯಾಗಲಾರವು.

ಈ ಅಧ್ಯಯನಗಳ ಪೈಕಿ ಅನೇಕ ಕಡೆ ಎರಡು ಗುಂಪುಗಳ ಚಿಕಿತ್ಸೆಯಲ್ಲಿದ್ದ ಭೇದ ತೀರ ಸ್ವಲ್ಪ; ಒಂದು ಕಡೆ ‘ಸಡಿಲಿಕೆ’ ಎಂದದ್ದನ್ನು ಇನ್ನೊಂದು ಕಡೆ ‘ಸಂಮೋಹನ’ ಎಂದಿದ್ದರು, ಅಷ್ಟೆ. ಆರ್ನಲ್ಡ್ ಲಜಾರಸ್ ಅವರು 1973ರಲ್ಲಿಯೇ ಇದನ್ನು ಪ್ರತ್ಯೇಕವಾಗಿ ಪರೀಕ್ಷಿಸಿದ್ದರು. ಸಂಮೋಹನವೇ ಬೇಕೆಂದು ಕೇಳಿ ಬಂದವರಿಗೆ ಅದೇ ಸಡಿಲಿಕೆಯ ಪಾಠವನ್ನು ಆ ಹೆಸರಿನಲ್ಲಿ ಕೊಟ್ಟಾಗ ಅವರು ಹೆಚ್ಚು ಗುಣ ಕಂಡರು. ಪಾಸ್ಸಿಯ ತೋಟದ ಹುಡುಗನು ಯಾವ ಮರದ ಕೆಳಗೆ ಬಿದ್ದನೆಂಬುದನ್ನು ಬಲ್ಲವರಿಗೆ ಈ ಫಲಿತಾಂಶ ಹೊಸದಾಗಿ ತೋರದು.